ಮೂರನೆಯ ಚುಕ್ಕೆ

ಇವತ್ತೂ ಎರಡೇ. ಷಡಕ್ಷರಿ ಗಾಜಿನ ಪಟ್ಟಿಯನ್ನು ಪ್ರಯೋಗಶಾಲೆಯ ಕಿಟಕಿಯ ಬೆಳಕಿಗೆ ಹಿಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಕೆಳಗೊಂದು ಚುಕ್ಕೆ, ಮೇಲೊಂದು ಚುಕ್ಕೆ. ನಡುವೆ ತೆಳು ಹಳದಿಯದೊಂದು ಇರಬೇಕಾಗಿದ್ದ ಜಾಗದಲ್ಲಿ ಬಳಿದ ಪುಡಿ ಬೆಳ್ಳಗೆ ಹಾಗೇ ಇತ್ತು, ಹಾಳಾದ್ದು. ಪಕ್ಕದಲ್ಲಿ ಪವಿತ್ರ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ. ದಿನಾ ಕುಂತೂರಿನಿಂದ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದರೂ ಒಂದು ದಿನವೂ ಪ್ರಾಕ್ಟಿಕಲ್ಸಿಗೆ ತಡವಾದವಳಲ್ಲ. 'ನಂದೇ ತಪ್ಪು ಸಾರ್' ಎಂದಳು. ಇದು ನಾಲ್ಕನೆಯ ಸಲ. ನಾಲ್ಕು ಸಲವೂ ಅವಳು ಅದನ್ನೇ ಹೇಳಿದ್ದಳು, ನಾಲ್ಕು ಸಲವೂ ಅವನು 'ಹೂಂ' ಎಂದಿದ್ದ. ಹೇಳಿದ ಮೇಲೆ ನಾಚಿಕೆಯಾಗುತ್ತಿತ್ತು. ಆದರೂ ಹೇಳುತ್ತಿದ್ದ.

ಪಾಠ ಮಾಡುವಾಗ ಇದೆಲ್ಲ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತು! ಗಿಡಗಳ ನೆಂಟಸ್ತಿಕೆಯನ್ನು ಹೂವು, ಎಲೆ ನೋಡಿ ಗುರುತಿಸುವುದು ಹಳೆಯ ಕ್ರಮ. ಆದರೆ ಪ್ರತಿ ಗಿಡವೂ ಹುಳ ತಿನ್ನದಿರಲಿ ಎಂದು ಕಹಿಯನ್ನೋ ದುಂಬಿ ಬರಲಿ ಎಂದು ಬಣ್ಣವನ್ನೋ ತನ್ನೊಳಗೇ ಬೇಯಿಸಿಕೊಳ್ಳುತ್ತದೆ, ಆ ಅಡಿಗೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುತ್ತದೆ. ಯಾವ ಗಿಡದಲ್ಲಿ ಏನಿದೆ ಎಂದು ಹುಡುಕಿದರೆ ಯಾರು ಯಾರಿಗೆ ಹತ್ತಿರ, ಯಾವ ಕವಲು ಯಾವಾಗ ಒಡೆಯಿತು ಎಂದು ಹೇಳಬಹುದು. 'ಒಂದೇ ಅಜ್ಜಿಯ ಮೊಮ್ಮಕ್ಕಳ ಮನೇಲಿ ಸಾರು ಒಂದೇ ಥರ ಇರುತ್ತಲ್ಲ, ಹಂಗೆ. ಒಂದು ಮನೆ ಸಾರಲ್ಲಿ ಮಾತ್ರ ಹೊಸ ಘಮ ಬಂತು ಅಂದ್ರೆ ಆ ಮನೆ ಬೇರೆ ಆಯ್ತು ಅಂತ.' ಹುಡುಗರು ನಗುತ್ತಿದ್ದರು. ಅವನ ಡಾಕ್ಟರೇಟು ನಿಂತಿದ್ದದ್ದು ಅಂಥ ಒಂದು ಘಮದ ಮೇಲೆ. ಮಾಕಳಿ ಬೇರು, ಉಪ್ಪಿನಕಾಯಿ ಹಾಕುತ್ತಾರಲ್ಲ, ಅದೇ. ಯಳಂದೂರು ಕಡೆಯ ಬೆಟ್ಟದ್ದು, ಕೊಳ್ಳೇಗಾಲದ ಸಂತೆಯದು, ಹನೂರಿನಾಚೆ ಹೂಗ್ಯಂ ಬೆಟ್ಟದ್ದು, ಮೂರನ್ನೂ ಅರೆದು ರಸ ತೆಗೆದು ಪುಡಿ ಬಳಿದ ಗಾಜಿನ ಮೇಲೆ ಒಂದೊಂದು ಹನಿಯಿಟ್ಟಿದ್ದ. ಗಾಜಿನ ಬುಡವನ್ನು ದ್ರಾವಣದಲ್ಲಿ ನಿಲ್ಲಿಸಿದರೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ದ್ರಾವಣ ಏರುತ್ತ ರಸದಲ್ಲಿರುವ ಒಂದೊಂದು ಪದಾರ್ಥವನ್ನೂ ಅದರದರ ಎತ್ತರದಲ್ಲಿ ಬಿಟ್ಟು ಹೋಗುತ್ತದೆ. ಎಲ್ಲ ಬೇರಿಗೂ ಎರಡು ಚುಕ್ಕೆ. ಹೂಗ್ಯಂ ಬೇರಿಗೆ ಮಾತ್ರ ಮೂರು. ಎರಡು ವರ್ಷ, ಹನ್ನೊಂದು ಸಲ, ತಪ್ಪದೆ ಮೂರು. ಆ ಮೂರನೆಯ ಚುಕ್ಕೆಯನ್ನು ಹಿಡಿದುಕೊಂಡು ಅವನು ಮಾಕಳಿಯ ವಂಶವೃಕ್ಷದಲ್ಲಿ ಒಂದು ಹೊಸ ಕವಲು ಬರೆದ. ಮನೆಯ ಗೇಟಿಗೆ ಡಾ. ಎಂದು ಬೋರ್ಡು ಬಂತು. ಈಗ ಇವಳು, ಅವನೇ ಪ್ರೀತಿಯಿಂದ ಆ ಪ್ರಾಜೆಕ್ಟು ಕೊಟ್ಟ ಹುಡುಗಿ, ಅಪ್ಪನ ಜೊತೆ ಹೂಗ್ಯಂಗೇ ಹೋಗಿ ಎದುರಿಗೇ ಅಗೆಸಿ ತಂದ ಬೇರು ಎರಡೇ ಚುಕ್ಕೆ ತೋರಿಸುತ್ತಿದೆ. ನಾಳೆ ಹೊರಗಿನ ಪರೀಕ್ಷಕರು ಬರುತ್ತಾರೆ. ಇವತ್ತು ಸಂಜೆಯೊಳಗೆ ಅವಳ ರೆಕಾರ್ಡಿಗೆ ಅವನ ಸಹಿ ಬೀಳಬೇಕು. ಎರಡು ನಿಜವಾದರೆ ಅವನ ಡಾಕ್ಟರೇಟು ಸುಳ್ಳು. ಮೂರು ನಿಜವಾದರೆ ಈ ಹುಡುಗಿಗೆ ಒಂದು ಸಾಮಾನ್ಯ ಪ್ರಯೋಗ ಮಾಡಲು ಬರುವುದಿಲ್ಲ.

'ನಿಂಗೆ ಯಾರೋ ಬೇರೆ ಕಡೆ ಬೇರು ಕೊಟ್ಟವ್ರೆ' ಎಂದ. ಧ್ವನಿ ಗಟ್ಟಿಯಾಗಿ ಬಂದದ್ದು ಅವನಿಗೇ ಕೇಳಿಸಿತು. 'ಎದುರಿಗೇ ಅಗೆದ್ರು ಸಾರ್...' ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. 'ನಾನೇ ಹೋಗಿ ತರ್ತೀನಿ. ನಂಗೆ ಕೊಡ್ತಿದ್ದೋರ ಮನೆಯಿಂದಲೇ. ಮಧ್ಯಾಹ್ನ ಬಂದು ನಡೆಸೋಣ.' ಅವಳ ಮುಖ ಅರಳಿತು. ಅದನ್ನು ನೋಡಲಾರದೆ ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಕಾರಿಡಾರಿನಲ್ಲಿ ವಿಭಾಗದ ಮುಖ್ಯಸ್ಥ ಶಾಂತಮೂರ್ತಿ, ಕೈಯಲ್ಲಿ ಟೀ ಲೋಟ ಹಿಡಿದುಕೊಂಡು, 'ಏನ್ರೀ ಡಾಕ್ಟ್ರೇ, ನಿಮ್ಮ ಚುಕ್ಕೆ ಎಲ್ಲೋ ಓಡೋಗದಂತೆ? ಪೊಲೀಸ್ ಕಂಪ್ಲೇಂಟ್ ಕೊಟ್ರಾ?' ಎಂದರು. ತಮಾಷೆ, ಬರೀ ತಮಾಷೆ. ಆ ಮನುಷ್ಯನಿಗೆ ಡಾಕ್ಟರೇಟು ಇಲ್ಲ, ಬೇಕಾಗಿಯೂ ಇಲ್ಲ. ಷಡಕ್ಷರಿ ನಕ್ಕ. ನಗು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮುಖದ ಮೇಲೆ ಉಳಿಯಿತು, ಬಸ್ ಸ್ಟ್ಯಾಂಡು ಬರುವ ತನಕ.

ಹನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸೀಟಿನ ಹೆಂಗಸು ಗಡಿಯ ಮಾರ್ಟಳ್ಳಿಯವಳಿರಬೇಕು, ಫೋನಿನಲ್ಲಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದಳು. ಷಡಕ್ಷರಿಗೆ ಅಸೂಯೆಯಾಯಿತು. ಬೈಯಲಿಕ್ಕೆ ಅವನಿಗೆ ಯಾರಿದ್ದಾರೆ? ಡಾಕ್ಟರೇಟಿನ ಸಂದರ್ಶನದಲ್ಲಿ ಒಬ್ಬ ಹಿರಿಯರು ಕೇಳಿದ್ದರು, 'ಈ ಮೂರನೆಯ ಪದಾರ್ಥ ಯಾವುದು?' ಅವನು, 'ಹಳದಿ ಇರುವುದರಿಂದ ಯಾವುದೋ ಫ್ಲೇವನಾಯ್ಡ್ ಇರಬಹುದು ಸರ್, ಹೆಚ್ಚಿನ ಅಧ್ಯಯನ ಆಗಬೇಕು' ಎಂದಿದ್ದ. ಅವರು ತಲೆದೂಗಿ ಗೋಡಂಬಿಯ ತಟ್ಟೆಗೆ ಕೈ ಹಾಕಿದ್ದರು. ಹೆಚ್ಚಿನ ಅಧ್ಯಯನ! ಮೈಸೂರಿನಲ್ಲಿ ಯಂತ್ರವಿತ್ತು, ಸ್ನೇಹಿತರಿದ್ದರು, ಒಂದು ಸೀಸೆ ರಸ ಕಳಿಸಿದ್ದರೆ ವಾರದಲ್ಲಿ ಹೆಸರು ಹೇಳುತ್ತಿದ್ದರು. ಕಳಿಸಬೇಕು ಕಳಿಸಬೇಕು ಎಂದು ಮೂರು ವರ್ಷ ಆ ಸೀಸೆ ಬೀರುವಿನಲ್ಲೇ ಇತ್ತು. ಯಾಕೆ ಕಳಿಸಲಿಲ್ಲ? ಸೋಮಾರಿತನ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಸೋಮಾರಿ ಎನ್ನಿಸಿಕೊಳ್ಳುವುದು ಎಷ್ಟೋ ವಾಸಿ.

ಹನೂರು ದಾಟಿದ ಮೇಲೆ ಒಂದು ಹೊಲದ ಬದುವಿನಲ್ಲಿ ಅರಿಶಿನ ಬೇಯಿಸುತ್ತಿದ್ದರು. ದೊಡ್ಡ ಕೊಪ್ಪರಿಗೆ, ಕೆಳಗೆ ತರಗು ಉರಿಯುತ್ತಿತ್ತು, ಹಬೆ ರಸ್ತೆಯವರೆಗೂ ಬಂದು ಬಸ್ಸಿನೊಳಗೆ ನುಗ್ಗಿತು. ಅವನು ಕಿಟಕಿ ಎಳೆದ. ಅದು ಮುಚ್ಚಲಿಲ್ಲ. ಯಳಂದೂರಿನ ಪಕ್ಕದ ತನ್ನ ಊರಿನಲ್ಲಿ ರಜಾ ಪೂರ್ತಿ ಆ ಕೊಪ್ಪರಿಗೆಯ ಮುಂದೆಯೇ ಕಳೆದವನು ಅವನು. ಬೆಂದ ಕೊಂಬನ್ನು ಗೋಣಿಯ ಮೇಲೆ ಹರಡಿ ಅವ್ವ, ಅವನು, ಅಕ್ಕ ಕೂತು ಉಜ್ಜುತ್ತಿದ್ದರು. ಉಗುರಿನ ಸಂದಿ, ಅಂಗೈಯ ಗೆರೆ, ಎಲ್ಲ ಹಳದಿ. ಮೈಸೂರಿನ ಹಾಸ್ಟೆಲಿನ ಮೊದಲನೆಯ ದಿನ ಊಟಕ್ಕೆ ಕೂತಾಗ ಎದುರಿನವನು, 'ಏನೋ, ಕಾಮಾಲೆನಾ? ದೂರ ಕೂತ್ಕೋ ಮಾರಾಯ' ಎಂದಿದ್ದ. ಸಾಲಿಗೆ ಸಾಲೇ ನಕ್ಕಿತ್ತು. ಎದ್ದು ಹೋಗಿ ನಲ್ಲಿಯ ಕೆಳಗೆ ಸೋಪು ಹಾಕಿ ತಿಕ್ಕಿದರೆ ಹಳದಿ ಹೋಗುವ ಬದಲು ಕೈಯೆಲ್ಲ ಕೆಂಪಾಗಿತ್ತು. ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪು, ಅದು ಪ್ರತಿ ಹೆಂಗಸಿಗೂ ಗೊತ್ತು; ಈಗ ಅವನೇ ಮೊದಲನೆಯ ವರ್ಷದವರಿಗೆ ಅದನ್ನು ಪ್ರಯೋಗ ಎಂದು ತೋರಿಸುತ್ತಾನೆ. ಆವತ್ತು ಮಾತ್ರ ರಕ್ತ ಬಂತೇನೋ ಎಂದು ಹೆದರಿದ್ದ. ಆಮೇಲಿನ ರಜೆಗಳಲ್ಲಿ ಓದುವುದಿದೆ ಎಂದು ಊರಿಗೆ ಹೋಗಲಿಲ್ಲ. ಅವ್ವ ಅದನ್ನು ನಂಬಿದ್ದಳು. 'ಓದ್ಕಳ್ಲಿ ಬುಡು' ಎಂದು ಅವನ ಪಾಲಿನದನ್ನೂ ಅವಳೇ ಉಜ್ಜಿದಳಂತೆ.

ಹೂಗ್ಯಂ ಬಂದಾಗ ಬಿಸಿಲು ನೆತ್ತಿಗೇರಿತ್ತು. ಬೇರು ಕೊಡುತ್ತಿದ್ದ ದೊಡ್ಡಮಾದಯ್ಯ ಈಗ ಇಲ್ಲ, ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಷಡಕ್ಷರಿಗೆ ಸುದ್ದಿ ಬಂದಿತ್ತು, ಬರಲಾಗಿರಲಿಲ್ಲ. ಬರಲಾಗಿರಲಿಲ್ಲ ಎಂಬುದೂ ಸುಳ್ಳು, ಭಾನುವಾರ ಅದು. ಅವರ ಹೆಂಡತಿ ರಾಚಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಎದ್ದೇಬಿಟ್ಟಳು. 'ಅಯ್ಯೋ ನಮ್ ಮೇಷ್ಟ್ರಲ್ವಾ! ಬನ್ನಿ ಸಾ, ಬನ್ನಿ. ಕುಂತ್ಕಳಿ. ಅವ್ರಿದ್ದಿದ್ರೆ ಎಷ್ಟ್ ಸಂತೋಸ ಪಡೋರು.' ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಚೊಂಬಿನಲ್ಲಿ ನೀರು ತಂದಿಟ್ಟು, ಒಳಗೆ ಹೋಗಿ, ಮಾದಪ್ಪನ ಪಟದ ಹಿಂದಿನ ಗೂಡಿನಿಂದ ಏನನ್ನೋ ಎರಡು ಕೈಯಲ್ಲೂ ಹಿಡಿದುಕೊಂಡು ಬಂದಳು. ಅವನ ಲೇಖನ. ಪ್ರಕಟವಾದಾಗ ಒಂದು ಪ್ರತಿ ದೊಡ್ಡಮಾದಯ್ಯನಿಗೆ ಕೊಟ್ಟು, ಇಂಗ್ಲಿಷಿನ ಸಾಲಿನಲ್ಲಿ ಹೂಗ್ಯಂ ಎಂದಿರುವ ಕಡೆ ಬೆರಳಿಟ್ಟು ತೋರಿಸಿದ್ದ. 'ಸಾಯೋಗಂಟ ಬಂದೋರ್ಗೆಲ್ಲ ಇದ್ನ ತೋರ್ಸರು ಸಾ. ನಮ್ ಬೆಟ್ಟದ ಮಾಕಳಿ ಎಲ್ಲ ಬೆಟ್ಟದಂಗಲ್ಲ, ಬುಕ್ನಲ್ಲಿ ಬರ್ದವ್ರೆ ಅಂತ. ಆಸ್ಪತ್ರೆಗೂ ತಕಂಡೋಗಿದ್ರು. ಡಾಕ್ಟ್ರಿಗೂ ತೋರ್ಸವ್ರೆ!' ಅವಳು ನಕ್ಕಳು. ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

ಅವನು ಆ ಮೂಲೆಗಳನ್ನೇ ನೋಡಿದ. 'ಇದಕ್ಕೆ ಅರಿಶಿನ ಯಾಕೆ ಹಚ್ಚಿದ್ದೀರಮ್ಮ?' ಎಂದ.

'ಅಚ್ದೆ ಇಟ್ಕಂಡಾರಾ ಸಾ? ಇದ್ಯೆ ಅಲ್ವಾ ಅದು. ನಮ್ ಮೊಮ್ಮಕ್ಳ ಪುಸ್ತಕ್ಕೂ ಅಚ್ತೀನಿ. ಯಾಕೆ, ನಿಮ್ಗೆ ಕೊಡ್ತಿದ್ ಬೇರ್ಗೂ ಅಚ್ಚೇ ಕೊಡ್ತಿದ್ದದ್ದು.'

'ಬೇರಿಗೆ?'

'ಊಂ ಮತ್ತೆ. ಅವ್ರು ಬೆಟ್ಟದಿಂದ ತಂದು ಇಲ್ಲಾಕೋರು. ನಾನು ಅರಿಸ್ನದ ನೀರಲ್ಲಿ ಒಂದಿನ ನೆನೆಯಾಕಿ, ಆಮೇಕೆ ತೊಳ್ದು ಒರ್ಸಿ ಒಣಗ್ಸಿ ಕೊಡ್ತಿದ್ದೆ. ಸಂತೆಗಾದ್ರೆ ಮಣ್ಣಲ್ಲೇ ಒಯ್ತರೆ ಬುಡಿ. ಓದ್ಗೆ ಅಂತ ಕೇಳೋರ್ಗೆ ಬರೀ ಬೇರ ಕೊಟ್ಟಾರಾ?' ಅವನ ಮುಖದಲ್ಲಿ ಏನು ಕಂಡಳೋ, ಮೊರವನ್ನು ಸರಿಸಿ ಹತ್ತಿರ ಬಂದಳು. 'ಯಾಕ್ ಸಾ? ತಪ್ಪಾಯ್ತಾ?'

ಹೇಳಬೇಕಿತ್ತು. ಆ ಗಳಿಗೆಯಲ್ಲಿ ಹೇಳಬಹುದಾಗಿತ್ತು. ಅಮ್ಮಾ, ನಿಮ್ಮ ಬೆಟ್ಟದ ಮಾಕಳಿ ಎಲ್ಲ ಬೆಟ್ಟದ ಮಾಕಳಿಯ ಹಾಗೇ; ನಾನು ಬರೆದದ್ದು ನಿಮ್ಮ ಕೈಯ ಅರಿಶಿನವನ್ನು; ನಿಮ್ಮ ಯಜಮಾನರು ಆಸ್ಪತ್ರೆಯ ಮಂಚದ ಮೇಲೆ ಡಾಕ್ಟರಿಗೆ ತೋರಿಸಿದ್ದು ಸುಳ್ಳು. ಹನ್ನೊಂದು ಸಲ. ಹಳದಿ. ಅರಿಶಿನದ ಕೊಪ್ಪರಿಗೆಯ ಮುಂದೆ ಬೆಳೆದವನಿಗೆ ಆ ಹಳದಿಯ ಗುರುತು ಹತ್ತಲಿಲ್ಲವೇ? ಬೀರುವಿನಲ್ಲಿ ಮೂರು ವರ್ಷ ಸೀಸೆ ಇಟ್ಟುಕೊಂಡವನು ಸೋಮಾರಿಯಾಗಿದ್ದನೇ? ಅವ್ವನ ಕೈಯ ಬಣ್ಣ ಗಾಜಿನ ಮೇಲೆ ಬಂದು ನಿಂತಾಗ ಅದಕ್ಕೆ ಫ್ಲೇವನಾಯ್ಡ್ ಎಂದು ಹೆಸರಿಟ್ಟವನು ಅವನು. ಆ ಬಣ್ಣ ತನ್ನ ಪ್ರಯೋಗಶಾಲೆಯ ತನಕ ಬರುವುದಿಲ್ಲ ಎಂದು ಎಷ್ಟು ಖಾತ್ರಿಯಾಗಿ ನಂಬಿದ್ದ! 'ಇಲ್ಲ ಕಣಮ್ಮ' ಎಂದ, 'ತಪ್ಪೇನಿಲ್ಲ.' ರಾಚಮ್ಮನ ಮುಖ ತಿಳಿಯಾಯಿತು. ಅದೂ ಕಂಡಿತು ಅವನಿಗೆ.

ಬೇರು ಬೇಕಿತ್ತು ಎಂದು ಹೇಳುವ ಅಗತ್ಯವೇ ಇರಲಿಲ್ಲ, ಬೇಡ ಎಂದು ಎದ್ದು ಹೊರಡಬಹುದಿತ್ತು. ಆದರೆ ಬಂದದ್ದಕ್ಕೆ ಒಂದು ಕಾರಣ ಬೇಕಲ್ಲ, ಬಾಯಿ ತಾನಾಗಿಯೇ ಹೇಳಿಬಿಟ್ಟಿತು: ಒಂದು ಹುಡುಗಿ ಓದ್ತಿದ್ದಾಳೆ, ಅವಳಿಗೆ ಸ್ವಲ್ಪ ಬೇರು. ರಾಚಮ್ಮ ಒಳಗೆ ಹೋಗಿ, ಉಪ್ಪಿನಕಾಯಿಗೆಂದು ಇಟ್ಟುಕೊಂಡಿದ್ದ ನಾಲ್ಕು ದಪ್ಪ ಬೇರು ತಂದಳು. ಜೊತೆಗೆ ಒಂದು ಬಟ್ಟಲು. 'ಹಂಗೇ ಕೊಡಿ ಅಮ್ಮ, ಏನೂ ಬೇಡ' ಎಂದ. 'ಸುಮ್ಕಿರಿ ಸಾ, ಓದೋ ಎಣ್ಮಗ ಅಂತೀರಿ' ಎಂದಳು. ಅವನ ಕಣ್ಣೆದುರಿಗೇ ನೀರು ಚಿಮುಕಿಸಿ, ಪುಡಿ ಕಲಸಿ, ಒಂದೊಂದು ಬೇರನ್ನೂ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ತುದಿಯಿಂದ ಬುಡದವರೆಗೆ ನೀವಿದಳು. ಅವನು ಜಗಲಿಯ ಅಂಚಿನಲ್ಲಿ ಕೂತು ನೋಡಿದ. ಮೂರನೆಯ ಚುಕ್ಕೆ ಹುಟ್ಟುತ್ತಿತ್ತು. 'ನೆನೆಯಾಕಕೆ ಒತ್ತಿಲ್ಲ, ಇಷ್ಟಾದ್ರೂ ಇರ್ಲಿ' ಎಂದು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. 'ಚೆನ್ನಾಗ್ ಓದ್ಲಿ ತಾಯಿ. ನಮ್ಮೆಸ್ರ ಏಳಿ ಅವ್ಳಿಗೆ.'

ವಾಪಸು ಬರುವ ಬಸ್ಸಿನಲ್ಲಿ ಗಂಟು ತೊಡೆಯ ಮೇಲಿತ್ತು. ಮಾಕಳಿಯ ಆ ಸಿಹಿ ವಾಸನೆ, ಅದರ ಮೇಲೆ ಅರಿಶಿನ. ಕಂಡಕ್ಟರು ಮೂಸಿ, 'ಉಪ್ಪಿನಕಾಯ್ಗಾ ಸಾ?' ಎಂದ. ಹೂಂ ಎಂದ. ಇವತ್ತು ಎಲ್ಲದಕ್ಕೂ ಹೂಂ. ಹೇಳಿಬಿಡಬೇಕು, ಹೋದ ಕೂಡಲೇ ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿದ. ಪವಿತ್ರ, ನಿನ್ನದೇ ಸರಿ, ಎರಡೇ ಚುಕ್ಕೆ. ಇಷ್ಟೇ, ನಾಲ್ಕೈದು ಪದ. ಅದರ ಮುಂದಿನ ವಾಕ್ಯಗಳು ಬರುತ್ತಿರಲಿಲ್ಲ. ಲೇಖನ ವಾಪಸು ಪಡೆಯಲು ಯಾರಿಗೆ ಬರೆಯಬೇಕು, ಶಾಂತಮೂರ್ತಿ ಟೀ ಲೋಟ ಹಿಡಿದು ಏನು ಹೇಳುತ್ತಾರೆ, ಹೆಂಡತಿ ಗೇಟಿನ ಬೋರ್ಡು ಒರೆಸುವಾಗ ಏನು ಯೋಚಿಸುತ್ತಾಳೆ. ಅಯ್ಯೋ, ಅದೆಲ್ಲ ಹಾಳಾಗಿ ಹೋಗಲಿ, ಹೇಳಿಬಿಡುತ್ತೇನೆ ಎಂದುಕೊಂಡ. ಕೊಳ್ಳೇಗಾಲದಲ್ಲಿ ಇಳಿಯುವ ಹೊತ್ತಿಗೆ ನಿಜವಾಗಿಯೂ ಹೇಳುವವನಾಗಿದ್ದ. ಎದೆ ಹಗುರವಾಗಿತ್ತು ಕೂಡ. ಕಾಲೇಜಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಪ್ರಯೋಗಶಾಲೆಯಲ್ಲಿ ಪವಿತ್ರ ಒಬ್ಬಳೇ ಇದ್ದಳು. ಮೇಜಿನ ಮೇಲೆ ರೆಕಾರ್ಡು ತೆರೆದಿತ್ತು, ಅದರ ಪಕ್ಕ ಗಾಜಿನ ಪಟ್ಟಿ. ಷಡಕ್ಷರಿ ಗಂಟನ್ನು ಕುರ್ಚಿಯ ಕೆಳಗಿಟ್ಟು, 'ನೋಡು ಪವಿತ್ರ' ಎಂದು ಶುರುಮಾಡಿ, ಪಟ್ಟಿಯನ್ನು ನೋಡಿದ. ಕೆಳಗೊಂದು, ಮೇಲೊಂದು. ನಡುವೆ ತೆಳು ಹಳದಿ. ಮೂರು. ಹಾಗಾದರೆ ನಿಜವೇ? ರಾಚಮ್ಮನ ಅರಿಶಿನ ಬೀಳದ ಬೇರಿನಲ್ಲೂ? ಎಂಥ ಸಂತೋಷ ನುಗ್ಗಿ ಬಂತೆಂದರೆ ಅವನು ಮೇಜನ್ನು ಹಿಡಿದುಕೊಂಡ. ಆಗಲೇ ಹುಡುಗಿ ಅಳಲು ಶುರುಮಾಡಿದಳು.

'ಸಾರ್, ನಾನು ಮೋಸ ಮಾಡ್ಬುಟ್ಟೆ ಸಾರ್.' ದುಪಟ್ಟದಲ್ಲಿ ಮೂಗು ಒರೆಸಿಕೊಂಡಳು. 'ನೀವು ಅಷ್ಟು ದೂರ ಹೋಗಿದೀರ, ಮತ್ತೆ ಬರ್ದೇ ಇದ್ರೆ ಅಂತ ಭಯ ಆಯ್ತು. ಬೆಳಿಗ್ಗೆ ದೇವಸ್ಥಾನದ್ದು ಅರಿಶಿನ ಪರ್ಸಲ್ಲಿತ್ತು. ಹಳದಿ ತಾನೇ ಬರ್ಬೇಕಾದ್ದು ಅಂತ ಸ್ಪಿರಿಟ್ಟಲ್ಲಿ ಕಲಸಿ ರಸಕ್ಕೆ ಒಂದು ಹನಿ ಹಾಕ್ದೆ. ಎಲ್ಲೋ ಒಂದ್ಕಡೆ ಬರುತ್ತೆ ಅಂದ್ಕಂಡಿದ್ದೆ ಸಾರ್. ನಿಮ್ಮ ಥೀಸಿಸ್ ಪಕ್ಕದಲ್ಲಿಟ್ಟು ಅಳೆದೆ. ಸರಿಯಾಗಿ ನಿಮ್ಮ ಜಾಗಕ್ಕೇ ಬಂದದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.' ಅವಳು ತಲೆಯೆತ್ತಲಿಲ್ಲ. 'ರೆಕಾರ್ಡಲ್ಲೂ ಮೂರು ಅಂತ ಬರ್ದುಬುಟ್ಟೆ. ನಿಮ್ಮ ಮುಂದೆ ಸುಳ್ಳು ಇಟ್ಕಂಡು ಕೂರೋಕೆ ಆಗ್ತಿಲ್ಲ ಸಾರ್. ಫೇಲ್ ಮಾಡಿದ್ರೂ ಮಾಡಿ.'

ಗೋಡೆಯ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಬಸ್ಸಿನಲ್ಲಿ ಜೋಡಿಸಿದ್ದ ವಾಕ್ಯ ನಾಲಗೆಯ ಮೇಲೇ ಇತ್ತು. ನಿನ್ನದು ಮೋಸವಲ್ಲ ಮಗು, ನೀನು ಮಾಡಿದ್ದು ನಾನು ಮೂರು ವರ್ಷ ಮಾಡದೇ ಬಿಟ್ಟ ಪರೀಕ್ಷೆ. ಇಡೀ ರೆಕಾರ್ಡಿನಲ್ಲಿ ಇದೊಂದೇ ಸರಿಯಾದ ಪ್ರಯೋಗ. ಅವನು ಬಾಯಿ ತೆರೆದ. ಬಾಗಿಲಲ್ಲಿ ಶಾಂತಮೂರ್ತಿಯವರ ತಲೆ ಕಂಡಿತು. 'ಆಯ್ತೇನ್ರೀ? ಬೀಗ ಹಾಕ್ಬೇಕು.' ಮೇಜಿಗೆ ಬಂದು ಬಗ್ಗಿ ನೋಡಿದರು. 'ಓಹೋ, ಸಿಕ್ತಲ್ಲ ಕಳ್ಳ! ಡಾಕ್ಟ್ರು ಖುದ್ದಾಗಿ ಹೋದ್ರೆ ಬರ್ದೇ ಇರ್ತದಾ? ಅಳ್ಬೇಡ ಕಣಮ್ಮ, ಪಾಸಾದ್ರೂ ಅಳ್ತೀರಲ್ಲ ನೀವು' ಎಂದು ಬೀಗದ ಕೈ ತರಲು ಹೋದರು. ಅವರು ಹೋದ ಮೇಲೂ ಸಮಯವಿತ್ತು. ಬೇಕಾದಷ್ಟು ಸಮಯವಿತ್ತು. ಯಾರೂ ಅವನ ಬಾಯಿ ಮುಚ್ಚಿರಲಿಲ್ಲ. ಷಡಕ್ಷರಿ ರೆಕಾರ್ಡನ್ನು ಎಳೆದುಕೊಂಡ, ಪೆನ್ನಿನ ಮುಚ್ಚಳ ತೆಗೆದ, ಮೂರು ಚುಕ್ಕೆ ಎಂದು ಬರೆದಿದ್ದ ಸಾಲಿನ ಕೆಳಗೆ ಸಹಿ ಮಾಡಿದ. ಆಮೇಲೆ, ತನ್ನದೇ ಧ್ವನಿ, ಮೇಷ್ಟರ ಧ್ವನಿ, ಗಂಭೀರವಾಗಿ ಹೇಳುವುದು ಕೇಳಿಸಿತು: 'ಈ ಸಲ ಬಿಟ್ಟಿದೀನಿ. ಇನ್ನೊಂದ್ಸಲ ಹಿಂಗೆ ಮಾಡಬೇಡ.'

ಪವಿತ್ರ ಬಗ್ಗಿ ಅವನ ಕಾಲು ಮುಟ್ಟಿದಳು. ಬಗ್ಗಿದವಳು ಏಳುವುದು ಸ್ವಲ್ಪ ತಡವಾಯಿತು. ಕುರ್ಚಿಯ ಕೆಳಗೆ ಪಂಚೆಯ ತುಂಡಿನ ಗಂಟಿತ್ತು, ಬಟ್ಟೆಯ ಹೊರಗೂ ಹಳದಿ ಹತ್ತಿತ್ತು. ಎದ್ದು ನಿಂತು ಅವನ ಬೆರಳುಗಳನ್ನು ನೋಡಿದಳು. ರೆಕಾರ್ಡಿನಲ್ಲಿ ಸಹಿಯ ಪಕ್ಕ ಬಿದ್ದಿದ್ದ ಹೆಬ್ಬೆರಳಿನ ಹಳದಿ ಗುರುತನ್ನು ನೋಡಿದಳು. ಅವಳ ಕಣ್ಣಿನ ನೀರು ನಿಂತುಹೋಯಿತು. ಏನೋ ಕೇಳುತ್ತಾಳೆ ಎಂದು ಅವನು ಕಾದ. ಕೇಳಲಿ, ದೇವರೇ, ಇವಳಾದರೂ ಕೇಳಲಿ ಎಂದು ಕಾದ. ಅವಳು ರೆಕಾರ್ಡನ್ನು ಮುಚ್ಚಿ ಎದೆಗೆ ಹಿಡಿದುಕೊಂಡಳು. ಕಾರಿಡಾರಿನಲ್ಲಿ ಬೀಗದ ಕೈ ಸದ್ದಾಗುತ್ತಿತ್ತು.

'ಕೈ ತೊಳ್ಕಂಬುಡಿ ಸಾರ್' ಎಂದಳು, ಮೆಲ್ಲಗೆ. 'ಶಾಂತಮೂರ್ತಿ ಸಾರ್ ಬರ್ತಾವ್ರೆ.'

ಅವನು ಎದ್ದು ಮೂಲೆಯ ನಲ್ಲಿಗೆ ಹೋದ. ನೀರು ಬಿಟ್ಟ. ಸೋಪು ತೆಗೆದುಕೊಂಡು ಉಜ್ಜಿದ. ಎರಡೂ ಕೈ ಕೆಂಪಾಯಿತು.